ಸರ್ವೇಶ್ವರನ ದೂತನು ಯಾರು? – ಧರ್ಮಸಭೆಯ ಇತಿಹಾಸದಲ್ಲಿ ಒಂದು ಜಿಜ್ಞಾಸೆ

ಪವಿತ್ರ ಗ್ರಂಥವನ್ನು ಮೊದಲಿನಿಂದ ಕ್ರಮವಾಗಿ ಓದುತ್ತ ಹೋಗುವವರಿಗೆ ಆದಿಕಾಂಡದ ೧೬ನೆಯ ಅಧ್ಯಾಯದಲ್ಲಿ ಒಂದು ಸೋಜಿಗದ ಪ್ರಸಂಗ ಎದುರಾಗುತ್ತದೆ. ಯಜಮಾನಿಯ ಕಾಟವನ್ನು ತಾಳಲಾರದೆ ಓಡಿಹೋದ ಗರ್ಭಿಣಿ ದಾಸಿ ಹಾಗರಳು ಶೂರಿನ ದಾರಿಯಲ್ಲಿ ಒಂದು ನೀರಿನ ಒರತೆಯ ಬಳಿ ಇದ್ದಾಳೆ. ಸರ್ವೇಶ್ವರನ ದೂತನು ಅವಳನ್ನು ಕಂಡು ಮಾತನಾಡಿಸುತ್ತಾನೆ. ಹಿಂದಿರುಗಿ ಹೋಗೆಂದು ಅಪ್ಪಣೆ ಮಾಡುತ್ತಾನೆ. ಅವಳ ಸಂತತಿಯನ್ನು ಎಣಿಸಲಾಗದಷ್ಟು ಹೆಚ್ಚಿಸುವೆನೆಂದು ತನ್ನದೇ ಮಾತಾಗಿ ವಾಗ್ದಾನವೀಯುತ್ತಾನೆ. ಇಷ್ಟರವರೆಗೆ ಮಾತನಾಡಿದವನು ದೂತ. ಆದರೆ ಮುಂದಿನ ವಾಕ್ಯಗಳಲ್ಲಿ ಹಾಗರಳು ತನ್ನೊಡನೆ ಮಾತನಾಡಿದ ಸರ್ವೇಶ್ವರನಿಗೆ ಹೆಸರಿಡುತ್ತಾಳೆ. ತನ್ನನ್ನು ನೋಡುವ ದೇವರನ್ನು ತಾನೂ ನೋಡಿದೆನೇ ಎಂದು ಬೆರಗಾಗುತ್ತಾಳೆ. ದೂತನೊಡನೆ ಆರಂಭವಾದ ಸಂಭಾಷಣೆ ದೇವರೊಡನೆ ಮುಕ್ತಾಯವಾಗಿದೆ. ನಡುವೆ ಬೇರೊಬ್ಬರು ಬಂದ ಸೂಚನೆಯಿಲ್ಲ.

ಹಾಗಾದರೆ ಆ ಮರಳುಗಾಡಿನ ಒರತೆಯ ಬಳಿ ನಿಂತವನು ಯಾರು? ದೇವರು ಸೃಷ್ಟಿಸಿದ ದೂತರಲ್ಲಿ ಒಬ್ಬನೇ? ಸ್ವತಃ ದೇವರೇ? ಅಥವಾ ಕನ್ಯಾಮರಿಯಮ್ಮನವರಲ್ಲಿ ಮನುಷ್ಯಾವತಾರವನ್ನು ತಾಳುವುದಕ್ಕೆ ಮುಂಚೆಯೇ ತಮ್ಮ ಜನರನ್ನು ಸಂಧಿಸಲು ಬಂದ ದೇವಪುತ್ರರೇ? ಈ ಪ್ರಶ್ನೆಯ ಸುತ್ತ ಸುಮಾರು ೧೯೦೦ ವರ್ಷಗಳಿಂದ ಕ್ರೈಸ್ತರು ವಾದಿಸುತ್ತ ಬಂದಿದ್ದಾರೆ. ಇದಕ್ಕೆ ಸಂತರು ಸದುದ್ದೇಶದಿಂದ ಕೊಟ್ಟ ಒಂದು ಉತ್ತರವನ್ನೇ ಹಿಡಿದುಕೊಂಡು ಒಂದು ಕಾಲದಲ್ಲಿ ಯೇಸುಸ್ವಾಮಿಯ ಪೂರ್ಣ ದೈವತ್ವವನ್ನು ಅಲ್ಲಗಳೆಯುವ ಪ್ರಯತ್ನ ನಡೆಯಿತು. ಆದುದರಿಂದ ಈ ಜಿಜ್ಞಾಸೆಯ ಚರಿತ್ರೆಯನ್ನು ಅರಿಯುವುದು ನಮ್ಮ ವಿಶ್ವಾಸದ ಬೇರುಗಳನ್ನು ಅರಿಯುವುದೇ ಆಗಿದೆ.

ದೂತ ಎಂಬ ಶಬ್ದ

ಹೀಬ್ರೂ ಭಾಷೆಯ 'ಮಲಾಖ್' ಎಂಬ ಶಬ್ದಕ್ಕೂ ಗ್ರೀಕ್ ಭಾಷೆಯ 'ಆಂಗೆಲೋಸ್' ಎಂಬ ಶಬ್ದಕ್ಕೂ ಮೂಲಾರ್ಥ ಒಂದೇ: ಕಳುಹಿಸಲ್ಪಟ್ಟವನು, ಸಂದೇಶವನ್ನು ಒಯ್ಯುವವನು. ಅರಸನು ಅಟ್ಟಿದ ಸೇವಕನಿಗೂ, ದೇವರು ಕಳುಹಿಸಿದ ಪ್ರವಾದಿಗೂ, ಪರಲೋಕದ ಅಶರೀರಿಗೂ ಹೀಬ್ರೂ ಜನರು ಈ ಒಂದೇ ಶಬ್ದವನ್ನು ಬಳಸಿದರು. ಪ್ರವಾದಿ ಹಗ್ಗಾಯನೂ ತನ್ನ ಗ್ರಂಥದಲ್ಲಿ ಸರ್ವೇಶ್ವರನ ದೂತನೆನಿಸಿಕೊಂಡಿದ್ದಾನೆ. ಪಾಶ್ಚಾತ್ಯ ಭಾಷೆಗಳಲ್ಲಿ ಕಾಲಕ್ರಮೇಣ ಈ ಶಬ್ದವು ರೆಕ್ಕೆಗಳುಳ್ಳ ಸ್ವರ್ಗೀಯ ವ್ಯಕ್ತಿಗೆ ಮಾತ್ರ ಮೀಸಲಾಯಿತು. ನಮ್ಮ ಕನ್ನಡದ 'ದೂತ' ಶಬ್ದವಾದರೋ ಹಳೆಯ ಅರ್ಥವನ್ನು ಇಂದಿಗೂ ಉಳಿಸಿಕೊಂಡಿದೆ. ದೂತನೆಂಬುದು ಮಾಡುವ ಕೆಲಸದ ಹೆಸರು. ಆ ಕೆಲಸವನ್ನು ಮಾಡುವವನು ಸ್ವಭಾವತಃ ಯಾರೆಂಬುದನ್ನು ಅದು ತಾನಾಗಿ ಹೇಳುವುದಿಲ್ಲ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಚರ್ಚೆ ಸುಗಮವಾಗುತ್ತದೆ.

ಹಾಗರಳ ಪ್ರಸಂಗವೊಂದೇ ಅಲ್ಲ. ಮೊರೀಯ ಬೆಟ್ಟದಲ್ಲಿ ಅಬ್ರಹಾಮನು ಮಗನ ಮೇಲೆ ಕತ್ತಿ ಎತ್ತಿದಾಗ ತಡೆದವನು ಸರ್ವೇಶ್ವರನ ದೂತ. ಆದರೆ ಏಕಮಾತ್ರ ಪುತ್ರನನ್ನೂ ತನಗೆ ಕೊಡಲು ಹಿಂಜರಿಯಲಿಲ್ಲವೆಂದು ಅವನು ದೇವರ ಸ್ಥಾನದಲ್ಲಿ ನಿಂತು ಮೆಚ್ಚುತ್ತಾನೆ. ಯಕೋಬನಿಗೆ ಸ್ವಪ್ನದಲ್ಲಿ ಕಾಣಿಸಿಕೊಂಡ ದೂತನು ತಾನೇ ಬೇತೇಲಿನ ದೇವರೆಂದು ಹೇಳಿಕೊಳ್ಳುತ್ತಾನೆ. ಹೋರೇಬಿನ ಉರಿಯುವ ಪೊದೆಯಲ್ಲಿ ಮೋಶೆಗೆ ಮೊದಲು ಕಾಣಿಸಿದವನು ದೂತ. ಪೊದೆಯೊಳಗಿಂದ ಕರೆದವರು ದೇವರು. ಸಂಸೋನನ ತಂದೆ ಮಾನೋಹನು ದೂತನನ್ನು ಕಂಡ ಬಳಿಕ, ದೇವರನ್ನು ನೋಡಿದ ತಾವು ಸಾಯುವುದು ಖಂಡಿತವೆಂದು ನಡುಗುತ್ತಾನೆ. ಇದಕ್ಕೆ ಪ್ರತಿಯಾಗಿ, ಪ್ರವಾದಿ ಜೆಕರ್ಯನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ಸರ್ವೇಶ್ವರನ ದೂತನು ಜೆರುಸಲೇಮಿಗಾಗಿ ಸರ್ವೇಶ್ವರನನ್ನೇ ಬೇಡಿಕೊಳ್ಳುತ್ತಾನೆ. ಬೇಡುವವನೂ ಬೇಡಿಸಿಕೊಳ್ಳುವವನೂ ಒಬ್ಬನೇ ಆಗಲಾರನು. ಹೀಗೆ ಪವಿತ್ರ ಗ್ರಂಥವೇ ದೂತನನ್ನು ಒಮ್ಮೆ ದೇವರೊಡನೆ ಒಂದಾಗಿಸುತ್ತದೆ, ಮತ್ತೊಮ್ಮೆ ದೇವರಿಂದ ಬೇರ್ಪಡಿಸುತ್ತದೆ.

ಸಂತ ಜಸ್ಟಿನರ ವಾದ

ಈ ಸಮಸ್ಯೆಯನ್ನು ವಿಸ್ತಾರವಾಗಿ ಎತ್ತಿಕೊಂಡ ಕ್ರೈಸ್ತ ಲೇಖಕರಲ್ಲಿ ಮೊದಲಿಗರು ರಕ್ತಸಾಕ್ಷಿ ಸಂತ ಜಸ್ಟಿನರು. ಪಾಲೆಸ್ತೀನದ ಫ್ಲಾವಿಯಾ ನೆಯಾಪೊಲಿಸ್ ಎಂಬ ಊರಿನಲ್ಲಿ, ಅಂದರೆ ಇಂದಿನ ನಾಬ್ಲುಸಿನಲ್ಲಿ, ಹುಟ್ಟಿದ ಇವರು ತತ್ತ್ವಶಾಸ್ತ್ರದ ನಾನಾ ಪಂಥಗಳನ್ನು ಸುತ್ತಿ ಕಡೆಗೆ ಕ್ರೈಸ್ತ ವಿಶ್ವಾಸವನ್ನು ಅಪ್ಪಿದವರು, ಕ್ರಿ.ಶ. ೧೬೫ರ ಸುಮಾರಿಗೆ ರೋಮಿನಲ್ಲಿ ಪ್ರಾಣಾರ್ಪಣೆ ಮಾಡಿದವರು. ಟ್ರೈಫೋ ಎಂಬ ಯೆಹೂದ್ಯ ವಿದ್ವಾಂಸನೊಡನೆ ನಡೆದ ಸಂವಾದದ ರೂಪದಲ್ಲಿ ಸುಮಾರು ೧೬೦ರಲ್ಲಿ ಅವರು ರಚಿಸಿದ ಗ್ರಂಥದ ಮಧ್ಯಭಾಗವು ಈ ವಿಷಯಕ್ಕೇ ಮೀಸಲಾಗಿದೆ.

ಜಸ್ಟಿನರ ವಾದಸರಣಿ ಹೀಗಿದೆ: ಸಮಸ್ತವನ್ನೂ ಸೃಷ್ಟಿಸಿದ ಪಿತನು ಸ್ವರ್ಗವನ್ನು ತೊರೆದು ಭೂಮಿಯ ಒಂದು ಮೂಲೆಯಲ್ಲಿ ಕಾಣಿಸಿಕೊಂಡನೆಂದು ಬುದ್ಧಿಯುಳ್ಳ ಯಾರೂ ಹೇಳಲಾರರು. ಆದರೂ ಮಮ್ರೆಯಲ್ಲಿ ಅಬ್ರಹಾಮನಿಗೆ ದರ್ಶನವಿತ್ತವನನ್ನು ಧರ್ಮಗ್ರಂಥವು ದೇವರೆಂದೇ ಕರೆಯುತ್ತದೆ. ಆದ್ದರಿಂದ ಪಿತನಿಂದ ಬೇರೆಯಾದ, ಆದರೂ ದೇವರೆನಿಸಿಕೊಳ್ಳುವ ಇನ್ನೊಬ್ಬರಿರಬೇಕು. ಪಿತನ ಇಚ್ಛೆಯನ್ನು ಮನುಷ್ಯರಿಗೆ ತಿಳಿಸುವುದರಿಂದ ಅವರಿಗೆ ದೂತನೆಂಬ ಹೆಸರು. ಅವರು ಸಂಖ್ಯೆಯಲ್ಲಿ ಬೇರೆಯೇ ಹೊರತು ಸಂಕಲ್ಪದಲ್ಲಿ ಬೇರೆಯಲ್ಲ. ಅವರೇ ಮುಂದೆ ಕನ್ಯೆಯ ಗರ್ಭದಲ್ಲಿ ಜನಿಸಿದ ಕ್ರಿಸ್ತರು.

ಟ್ರೈಫೋ ಸುಲಭವಾಗಿ ಒಪ್ಪುವವನಾಗಿರಲಿಲ್ಲ. ಉರಿಯುವ ಪೊದೆಯಲ್ಲಿ ಇಬ್ಬರಿದ್ದಿರಬಹುದು, ಜ್ವಾಲೆಯಲ್ಲಿ ಕಾಣಿಸಿದವನು ದೂತ, ಮೋಶೆಯೊಡನೆ ಮಾತನಾಡಿದವರು ದೇವರು ಎಂದು ಅವನು ಮರುವಾದ ಹೂಡುತ್ತಾನೆ. ಇಂದು ಓದುವವರಿಗೂ ಈ ಮರುವಾದ ಹಗುರವೆನಿಸುವುದಿಲ್ಲ. ಜಸ್ಟಿನರು ಅದನ್ನು ಮರೆಮಾಚದೆ ಬರೆದಿಟ್ಟು ಉತ್ತರಿಸಲು ಯತ್ನಿಸಿದುದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

ಕೆಲಸದ ಹೆಸರು, ಸ್ವಭಾವದ ಹೆಸರಲ್ಲ

ಜಸ್ಟಿನರ ವ್ಯಾಖ್ಯಾನವು ಬಹುಬೇಗ ಹರಡಿತು. ಅದಕ್ಕೊಂದು ಕಾರಣವಿತ್ತು. ೧೪೪ರಲ್ಲಿ ರೋಮಿನ ಸಭೆಯಿಂದ ಹೊರಹಾಕಲ್ಪಟ್ಟ ಮಾರ್ಸಿಯನ್ ಎಂಬಾತನು ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ಪಿತನೇ ಬೇರೆ ಎಂದು ಬೋಧಿಸಿ ಅನೇಕರನ್ನು ಸೆಳೆದಿದ್ದನು. ಅಬ್ರಹಾಮನೊಡನೆ ಮಾತನಾಡಿದವರೇ ಬೆತ್ಲೆಹೇಮಿನಲ್ಲಿ ಹುಟ್ಟಿದವರು ಎಂದು ತೋರಿಸಿದರೆ ಎರಡು ಒಡಂಬಡಿಕೆಗಳೂ ಒಂದೇ ದಾರದಲ್ಲಿ ಪೋಣಿಸಿದಂತಾಗುತ್ತವೆ. ಲಿಯೋನ್ಸ್ ನಗರದ ಧರ್ಮಾಧ್ಯಕ್ಷ ಸಂತ ಇರೇನಿಯಸರು ಸುಮಾರು ೧೮೦ರಲ್ಲಿ ಪಾಷಂಡ ಮತಗಳ ವಿರುದ್ಧ ಬರೆದ ಮಹಾಗ್ರಂಥದಲ್ಲಿ, ದೇವಪುತ್ರರು ಮೋಶೆಯ ಬರಹಗಳಲ್ಲೆಲ್ಲ ಬೀಜದಂತೆ ಹರಡಿದ್ದಾರೆಂದು ಹೇಳಿದರು.

ಉತ್ತರ ಆಫ್ರಿಕದ ತೆರ್ತುಲಿಯನರು ಇನ್ನೂ ಮುಂದೆ ಹೋದರು. ಸುಮಾರು ೨೧೩ರಲ್ಲಿ ಪ್ರಾಕ್ಸೆಯಸನ ವಿರುದ್ಧ ಬರೆದ ಕೃತಿಯಲ್ಲಿ, ಮುಂದೆ ಮನುಷ್ಯರ ನಡುವೆ ವಾಸಿಸಬೇಕಾಗಿದ್ದ ದೇವಪುತ್ರರು ಹಳೆಯ ಕಾಲದಲ್ಲಿಯೇ ಮನುಷ್ಯರೊಡನೆ ಮಾತುಕತೆಯ ಅಭ್ಯಾಸ ಮಾಡುತ್ತಿದ್ದರೆಂದು ಅವರು ವಿವರಿಸಿದರು. ಸೂರ್ಯಮಂಡಲವನ್ನು ನೆಟ್ಟ ಕಣ್ಣಿನಿಂದ ನೋಡಲಾಗದಿದ್ದರೂ ಅದರ ಕಿರಣವನ್ನು ನೋಡಬಹುದು. ಹಾಗೆಯೇ ಪಿತನು ಕಾಣಸಿಗನು, ಸುತನು ಕಾಣಸಿಗುವನು ಎಂಬುದು ಅವರ ಉಪಮೆ. ಆದರೆ ಕ್ರಿಸ್ತರು ದೂತಸ್ವಭಾವದವರೆಂದು ಯಾರೂ ತಿಳಿಯಬಾರದೆಂದು ಅವರು ಎಚ್ಚರಿಸಿದರು. ಪ್ರವಾದಿ ಯೆಶಾಯನ ೯ನೆಯ ಅಧ್ಯಾಯದ ಗ್ರೀಕ್ ಭಾಷಾಂತರದಲ್ಲಿ ಹುಟ್ಟಲಿರುವ ಶಿಶುವಿಗೆ ಮಹಾಲೋಚನೆಯ ದೂತನೆಂಬ ಬಿರುದಿದೆ. ಈ ಬಿರುದು ಅವರ ಕಾರ್ಯವನ್ನು ಸೂಚಿಸುತ್ತದೆಯೇ ಹೊರತು ಸ್ವಭಾವವನ್ನಲ್ಲ ಎಂದು ತೆರ್ತುಲಿಯನರು ಸ್ಪಷ್ಟಪಡಿಸಿದರು.

ಆಯುಧ ಎದುರಾಳಿಯ ಕೈಗೆ

ಸೂರ್ಯ-ಕಿರಣದ ಉಪಮೆಯೊಳಗೆ ಒಂದು ಅಪಾಯ ಅಡಗಿತ್ತು. ಪಿತನು ಸ್ವಭಾವತಃ ಅಗೋಚರನಾಗಿದ್ದು ಸುತನು ಸ್ವಭಾವತಃ ಗೋಚರನಾದರೆ, ಇಬ್ಬರ ಸ್ವಭಾವವೂ ಒಂದೇ ಆಗುವುದು ಹೇಗೆ? ನಾಲ್ಕನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯದ ಗುರು ಆರಿಯಸನು ಸುತನು ಸೃಷ್ಟಿಯೇ ಎಂದು ಬೋಧಿಸಿದನು. ೩೨೫ರಲ್ಲಿ ನೀಸೆಯದಲ್ಲಿ ಸೇರಿದ ಮಹಾಸಭೆಯು ಅವನ ಬೋಧನೆಯನ್ನು ಖಂಡಿಸಿ, ಸುತನು ಪಿತನೊಡನೆ ಏಕಸ್ವರೂಪನೆಂದು ಘೋಷಿಸಿತು. ಆದರೂ ಕಲಹ ಆರಲಿಲ್ಲ. ಹಳೆಯ ಒಡಂಬಡಿಕೆಯ ದೇವದರ್ಶನಗಳು ಆರಿಯಸನ ಅನುಯಾಯಿಗಳಿಗೆ ಅನುಕೂಲವಾದ ಆಧಾರಗಳಾದವು. ಮಮ್ರೆಯ ಮರದಡಿಯಲ್ಲಿ ಊಟ ಮಾಡಿದವನು, ಯಕೋಬನೊಡನೆ ಹೋರಾಡಿದವನು ಸುತನಾದರೆ, ಅವನು ಕಣ್ಣಿಗೆ ಕಾಣದ ಪಿತನಿಗೆ ಸಮಾನನಲ್ಲ ಎಂದು ಅವರು ವಾದಿಸಿದರು.

ಈ ವ್ಯಾಖ್ಯಾನವು ಆ ಕಾಲದಲ್ಲಿ ಎಷ್ಟು ಬೇರೂರಿತ್ತೆಂಬುದಕ್ಕೆ ೩೫೧ರಲ್ಲಿ ಸಿರ್ಮಿಯಮ್ ನಗರದಲ್ಲಿ, ಅಂದರೆ ಇಂದಿನ ಸೆರ್ಬಿಯದ ಸ್ರೆಮ್ಸ್ಕಾ ಮಿತ್ರೊವಿಕಾದಲ್ಲಿ, ಸೇರಿದ ಧರ್ಮಾಧ್ಯಕ್ಷರ ಸಭೆಯೇ ಸಾಕ್ಷಿ. ಅಬ್ರಹಾಮನು ಕಂಡದ್ದು ಸುತನನ್ನಲ್ಲವೆಂದು ಹೇಳುವವರಿಗೂ, ಯಕೋಬನೊಡನೆ ಹೋರಾಡಿದವನು ಸುತನಲ್ಲವೆಂದು ಹೇಳುವವರಿಗೂ ಆ ಸಭೆಯು ಬಹಿಷ್ಕಾರವನ್ನು ಸಾರಿತು. ಆದರೆ ಇದು ಸಾರ್ವತ್ರಿಕ ಮಹಾಸಭೆಯಾಗಿರಲಿಲ್ಲ. ಇದರ ತೀರ್ಪು ಧರ್ಮಸಭೆಯ ಶಾಶ್ವತ ಬೋಧನೆಯಾಗಲಿಲ್ಲ.

ಇದೇ ಸಮಯದಲ್ಲಿ ಫ್ರಾನ್ಸಿನ ಪೊಯಿಟಿಯರ್ಸಿನ ಧರ್ಮಾಧ್ಯಕ್ಷ ಸಂತ ಹಿಲರಿಯವರು ೩೫೬ರಲ್ಲಿ ಚಕ್ರವರ್ತಿಯ ಆಜ್ಞೆಯಿಂದ ಏಷ್ಯಾ ಮೈನರಿನ ಫ್ರಿಜಿಯ ಪ್ರಾಂತಕ್ಕೆ ಗಡೀಪಾರಾಗಿದ್ದರು. ಅಲ್ಲಿ ಪರಮ ತ್ರಿತ್ವವನ್ನು ಕುರಿತ ಗ್ರಂಥವನ್ನು ಬರೆಯುತ್ತ, ಅವರು ಅದೇ ಆಧಾರವಾಕ್ಯಗಳನ್ನು ಆರಿಯಸನ ಪಂಥಕ್ಕೆ ವಿರುದ್ಧವಾಗಿ ತಿರುಗಿಸಲೆತ್ನಿಸಿದರು. ಹಾಗರಳೊಡನೆ ಮಾತನಾಡಿದವನು ದೇವರ ದೂತನೆನಿಸಿಕೊಂಡಾಗ ಅವನ ಕಾರ್ಯವು ತಿಳಿಯುತ್ತದೆ. ದೇವರೆನಿಸಿಕೊಂಡಾಗ ಅವನ ಸ್ವಭಾವವು ತಿಳಿಯುತ್ತದೆ ಎಂಬುದು ಅವರ ಸಮಾಧಾನ. ಹಿಲರಿಯವರು ಹಳೆಯ ವ್ಯಾಖ್ಯಾನವನ್ನು ಬಿಡದೆಯೇ ವಿಶ್ವಾಸವನ್ನು ಕಾಯಲು ಹೆಣಗಿದರು. ಆ ವ್ಯಾಖ್ಯಾನದ ಬುಡವನ್ನೇ ಪರೀಕ್ಷಿಸುವ ಕೆಲಸವು ಇನ್ನೊಬ್ಬರಿಗೆ ಕಾದಿತ್ತು.

ಸಂತ ಅಗಸ್ಟೀನರ ಮರುಚಿಂತನೆ

ಉತ್ತರ ಆಫ್ರಿಕದ ಹಿಪ್ಪೋ ನಗರದ ಧರ್ಮಾಧ್ಯಕ್ಷ ಸಂತ ಅಗಸ್ಟೀನರು ಸುಮಾರು ೪೦೦ರಲ್ಲಿ ಪರಮ ತ್ರಿತ್ವವನ್ನು ಕುರಿತು ಒಂದು ಗ್ರಂಥವನ್ನು ಆರಂಭಿಸಿದರು. ಹದಿನೈದು ಭಾಗಗಳ ಆ ಗ್ರಂಥ ಮುಗಿಯಲು ಸುಮಾರು ಇಪ್ಪತ್ತು ವರ್ಷಗಳು ಹಿಡಿದವು. ಅದರ ಎರಡು ಮತ್ತು ಮೂರನೆಯ ಭಾಗಗಳಲ್ಲಿ ಅವರು ಹಳೆಯ ಒಡಂಬಡಿಕೆಯ ದೇವದರ್ಶನಗಳನ್ನು ಒಂದೊಂದಾಗಿ ತೆಗೆದುಕೊಂಡು ವಿಚಾರಿಸಿದ್ದಾರೆ.

ಅವರ ಮೊದಲ ನಿರ್ಣಯವೇ ಎಲ್ಲಕ್ಕೂ ತಳಹದಿ. ಪಿತ, ಸುತ, ಪವಿತ್ರಾತ್ಮರ ದೈವಸ್ವಭಾವ ಒಂದೇ ಆದುದರಿಂದ ಮೂವರೂ ಸಮಾನವಾಗಿ ಅಗೋಚರರು. ಸುತನು ತನ್ನ ದೈವಸ್ವಭಾವದಲ್ಲಿ ಪಿತನಿಗಿಂತ ಹೆಚ್ಚು ಗೋಚರನೆಂಬ ಮಾತು ಸಲ್ಲದು. ಎರಡನೆಯದಾಗಿ, ಪ್ರತಿಯೊಂದು ದರ್ಶನದಲ್ಲಿಯೂ ಕಾಣಿಸಿದ್ದು ಯಾವ ವ್ಯಕ್ತಿಯೆಂದು ಧರ್ಮಗ್ರಂಥವು ಹೇಳುವುದಿಲ್ಲ. ಏದೆನ್ ತೋಟದಲ್ಲಿ ಆದಾಮನು ಕೇಳಿದ ಧ್ವನಿ ಯಾರದು? ಸುತನದೇ ಎಂದು ನಿಶ್ಚಯಿಸಲು ಆಧಾರವಿಲ್ಲ. ಮಮ್ರೆಯಲ್ಲಿ ಬಂದ ಮೂವರಲ್ಲಿ ಯಾರೊಬ್ಬರೂ ರೂಪದಲ್ಲಾಗಲಿ ವಯಸ್ಸಿನಲ್ಲಾಗಲಿ ಹೆಚ್ಚಿನವರೆಂದು ಹೇಳಿಲ್ಲ; ಆದುದರಿಂದ ಅವರು ತ್ರಿತ್ವದ ಸಮಾನತೆಯನ್ನೇ ಸೂಚಿಸಿರಬಹುದು. ಪ್ರವಾದಿ ದಾನಿಯೇಲನ ದರ್ಶನದಲ್ಲಿಯಂತೂ ಸಿಂಹಾಸನದ ಮೇಲೆ ಕುಳಿತ ಪುರಾತನ ವೃದ್ಧರ ರೂಪದಲ್ಲಿ ಕಾಣಿಸಿದ್ದು ಪಿತನೇ ಎಂದು ತಿಳಿಯಲು ಅವಕಾಶವಿದೆ.

ಹಾಗಾದರೆ ಕಣ್ಣಿಗೆ ಕಂಡದ್ದೇನು? ಅವು ದೇವರು ತಮ್ಮ ದೂತರ ಸೇವೆಯಿಂದ ಉಂಟುಮಾಡಿದ ಸೃಷ್ಟಿರೂಪದ ಚಿಹ್ನೆಗಳು ಎಂಬುದು ಅಗಸ್ಟೀನರ ಉತ್ತರ. ಧರ್ಮಶಾಸ್ತ್ರವು ದೂತರ ಮೂಲಕ ಕೊಡಲ್ಪಟ್ಟಿತೆಂದು ಸಂತ ಸ್ತೇಫನನ ಭಾಷಣವೂ, ಗಲಾತ್ಯರಿಗೂ ಹಿಬ್ರಿಯರಿಗೂ ಬರೆದ ಪತ್ರಗಳೂ ಸಾರುತ್ತವೆಯಷ್ಟೆ. ದೂತನು ತಾನೇ ದೇವರೆಂಬಂತೆ ಮಾತನಾಡುವುದು ಹೇಗೆಂಬ ಪ್ರಶ್ನೆಗೆ ಅವರು ನ್ಯಾಯಾಲಯದ ನಿದರ್ಶನವನ್ನು ಕೊಟ್ಟರು: ನ್ಯಾಯಾಧಿಪತಿಯ ಮಾತುಗಳನ್ನು ಸಾರುವವನು ಗಟ್ಟಿಯಾಗಿ ಕೂಗಿ ಹೇಳಿದರೂ ದಾಖಲೆಯಲ್ಲಿ ನ್ಯಾಯಾಧಿಪತಿ ಹೇಳಿದರೆಂದೇ ಬರೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಡಂಗುರ ಹೊಡೆದು ಅಪ್ಪಣೆಯನ್ನು ಸಾರುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು. ಸರ್ಕಾರದ ಅಪ್ಪಣೆಯಾಯಿತೆಂದು ಜನ ಹೇಳುತ್ತಿದ್ದರೇ ವಿನಾ ಡಂಗುರದವನ ಅಪ್ಪಣೆಯಾಯಿತೆಂದು ಯಾರೂ ಹೇಳುತ್ತಿರಲಿಲ್ಲ.

ಇದರಿಂದ ಮನುಷ್ಯಾವತಾರದ ಹಿರಿಮೆ ಇನ್ನಷ್ಟು ಬೆಳಗಿತು. ಪೊದೆಯ ಬೆಂಕಿ, ಮಮ್ರೆಯ ಅತಿಥಿಗಳ ರೂಪ ಇವೆಲ್ಲ ಕಾರ್ಯ ಮುಗಿದೊಡನೆ ಮರೆಯಾದ ಚಿಹ್ನೆಗಳು. ಮರಿಯಮ್ಮನವರಿಂದ ಪಡೆದ ಮಾನವ ಸ್ವಭಾವವನ್ನಾದರೋ ದೇವಪುತ್ರರು ತಮ್ಮ ವ್ಯಕ್ತಿತ್ವದೊಡನೆ ಎಂದೆಂದಿಗೂ ಐಕ್ಯಗೊಳಿಸಿಕೊಂಡರು. ಒರತೆಯ ಬಳಿಯ ದರ್ಶನಕ್ಕೂ ಗೋದಲಿಯ ಶಿಶುವಿಗೂ ಇರುವ ಅಂತರ ಇದೇ.

ಹಿಪ್ಪೋ ನಗರದ ವಾದ

ಈ ವಿಚಾರವು ಗ್ರಂಥದಲ್ಲಷ್ಟೇ ಉಳಿಯಲಿಲ್ಲ. ೪೨೭-೨೮ರ ಸುಮಾರಿಗೆ ಗೋತ ಸೈನಿಕರೊಡನೆ ಆಫ್ರಿಕಕ್ಕೆ ಬಂದ ಆರಿಯಸ್ ಪಂಥದ ಧರ್ಮಾಧ್ಯಕ್ಷ ಮಾಕ್ಸಿಮಿನನು ಹಿಪ್ಪೋದಲ್ಲಿ ಅಗಸ್ಟೀನರೊಡನೆ ಬಹಿರಂಗ ವಾದಕ್ಕೆ ನಿಂತನು. ಅಗಸ್ಟೀನರಿಗೆ ಆಗ ೭೩ ವರ್ಷ ವಯಸ್ಸು. ಮೂಲಪುರುಷರಿಗೆ ಕಾಣಿಸಿದವನು ಸುತನು, ಅಗೋಚರನಾದವನು ಪಿತನೊಬ್ಬನೇ ಎಂಬುದು ಮಾಕ್ಸಿಮಿನನ ವಾದಗಳಲ್ಲೊಂದು. ಅವನು ಕಡೆಯಲ್ಲಿ ಬಹು ದೀರ್ಘವಾಗಿ ಮಾತನಾಡಿ ಉಳಿದ ಹೊತ್ತನ್ನೆಲ್ಲ ತಾನೇ ತೆಗೆದುಕೊಂಡು ಕಾರ್ತೇಜಿಗೆ ಹೊರಟುಹೋದನು. ಉತ್ತರ ಕೊಡಲು ಅವಕಾಶ ದೊರೆಯದ ವೃದ್ಧ ಧರ್ಮಾಧ್ಯಕ್ಷರು ಎರಡು ಪುಸ್ತಕಗಳನ್ನು ಬರೆದು ಅವನ ವಾದಗಳಿಗೆ ಉತ್ತರವಿತ್ತರು. ಎರಡು ಶತಮಾನಗಳ ಹಿಂದೆ ವಿಶ್ವಾಸದ ರಕ್ಷಣೆಗಾಗಿ ಹೂಡಿದ ವಾದವೇ ಹೇಗೆ ವಿಶ್ವಾಸದ ಮೇಲೆ ಎರಗಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಗೋಡೆಯ ಮೇಲಿನ ಸಾಕ್ಷ್ಯ

ಈ ಜಿಜ್ಞಾಸೆಯ ಕುರುಹುಗಳನ್ನು ಇಟಲಿಯ ಎರಡು ದೇವಾಲಯಗಳಲ್ಲಿ ಕಣ್ಣಾರೆ ಕಾಣಬಹುದು. ಮೂರನೆಯ ಸಿಕ್ಸ್ತಸ್ ಜಗದ್ಗುರುಗಳು (೪೩೨-೪೪೦) ಕಟ್ಟಿಸಿದ ರೋಮಿನ ಸಂತ ಮರಿಯ ಮಹಾದೇವಾಲಯದ ಬಣ್ಣದ ಹರಳುಗಳ ಚಿತ್ರದಲ್ಲಿ ಅಬ್ರಹಾಮನನ್ನು ಕಾಣಲು ಬಂದ ಮೂವರ ಪೈಕಿ ನಡುವಿನವನನ್ನು ಮಾತ್ರ ಪ್ರಭಾವಲಯವೊಂದು ಪೂರ್ತಿಯಾಗಿ ಸುತ್ತುವರಿದಿದೆ. ಅವನು ದೇವಪುತ್ರನೆಂಬ ಹಳೆಯ ವ್ಯಾಖ್ಯಾನಕ್ಕೆ ಇದು ಹೊಂದುತ್ತದೆ. ಸುಮಾರು ನೂರು ವರ್ಷಗಳ ಅನಂತರ, ೫೪೭ರ ಸುಮಾರಿಗೆ ಪ್ರತಿಷ್ಠಾಪಿತವಾದ ರಾವೆನ್ನಾದ ಸಂತ ವಿತಾಲಿಸರ ದೇವಾಲಯದಲ್ಲಿ ಅದೇ ಮೂವರು ಮೇಜಿನ ಮುಂದೆ ಸರಿಸಮಾನರಾಗಿ ಕುಳಿತಿದ್ದಾರೆ. ಮುಂದೆ ಹದಿನೈದನೆಯ ಶತಮಾನದ ಆರಂಭದಲ್ಲಿ ರಷ್ಯಾದ ಸನ್ಯಾಸಿ ಆಂದ್ರೇಯ್ ರುಬ್ಲ್ಯೊವರು ಬಿಡಿಸಿದ ಲೋಕಪ್ರಸಿದ್ಧ ಪಟವೂ ಈ ಸಮಾನತೆಯ ಭಾವವನ್ನೇ ಹೊಂದಿದೆ.

ಮಧ್ಯಯುಗದಿಂದ ಈಚೆಗೆ

ಪಶ್ಚಿಮದ ಧರ್ಮಸಭೆಯಲ್ಲಿ ಅಗಸ್ಟೀನರ ವಿವರಣೆ ನೆಲೆಯೂರಿತು. ಜಗದ್ಗುರು ಮಹಾ ಗ್ರೆಗೊರಿಯವರು (೫೯೦-೬೦೪) ಯೋಬನ ಗ್ರಂಥದ ವ್ಯಾಖ್ಯಾನದ ಆರಂಭದಲ್ಲಿ ಅದನ್ನು ಸುಂದರವಾಗಿ ಸಂಗ್ರಹಿಸಿದರು: ಮೋಶೆಗೆ ಕಾಣಿಸಿದವನು ಹೊರಗೆ ಮಾತನಾಡುವ ಸೇವೆಯನ್ನು ಮಾಡಿದುದರಿಂದ ದೂತ, ಒಳಗಿದ್ದು ಮಾತಿಗೆ ಬಲವಿತ್ತವರು ದೇವರಾದುದರಿಂದ ಸರ್ವೇಶ್ವರ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಹಳೆಯ ಧರ್ಮಶಾಸ್ತ್ರವು ದೂತರ ಮೂಲಕವೇ ಕೊಡಲ್ಪಟ್ಟಿತೆಂದು ನಿರ್ಣಯಿಸಿದರು.

ಹದಿನಾರನೆಯ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಮುಖಂಡ ಕ್ಯಾಲ್ವಿನನು ಪುರಾತನ ಪಿತಾಮಹರ ಅಭಿಪ್ರಾಯವನ್ನು ಮತ್ತೆ ಎತ್ತಿಹಿಡಿದು, ಆ ಪ್ರಧಾನ ದೂತನು ದೇವರ ದಿವ್ಯವಾಣಿಯೇ ಎಂದನು. ಅನೇಕ ಪ್ರೊಟೆಸ್ಟೆಂಟ್ ಬೋಧಕರು ಇಂದಿಗೂ ಹಾಗೆಯೇ ಬೋಧಿಸುತ್ತಾರೆ. ಕಥೋಲಿಕ ವಿದ್ವಾಂಸರಲ್ಲಿ, ಜೆರುಸಲೇಮಿನಲ್ಲಿ ೧೮೯೦ರಲ್ಲಿ ಬೈಬಲ್ ಅಧ್ಯಯನ ಶಾಲೆಯನ್ನು ಸ್ಥಾಪಿಸಿದ ಡೊಮಿನಿಕನ್ ಗುರು ಲಗ್ರಾಂಜರು ೧೯೦೩ರಲ್ಲಿ ಈ ವಿಷಯವಾಗಿ ಲೇಖನವನ್ನು ಪ್ರಕಟಿಸಿ, ಮೂಲಕಥನಗಳಲ್ಲಿ ಸರ್ವೇಶ್ವರನೆಂದಷ್ಟೇ ಇದ್ದಲ್ಲಿ ದೇವರ ಮಹಿಮೆಯ ಮೇಲಣ ಭಯಭಕ್ತಿಯಿಂದ ಲಿಪಿಕಾರರು ದೂತನೆಂಬ ಶಬ್ದವನ್ನು ಸೇರಿಸಿರಬಹುದೆಂದು ಸೂಚಿಸಿದರು. ಪ್ರಾಚೀನ ಪೂರ್ವದೇಶಗಳಲ್ಲಿ ರಾಜದೂತರು ಅರಸನ ಮಾತನ್ನು ಅರಸನೇ ಆಡಿದಂತೆ ನುಡಿಯುವ ಪದ್ಧತಿಯಿತ್ತೆಂದು ಇತರ ವಿದ್ವಾಂಸರು ತೋರಿಸಿದ್ದಾರೆ. ಅಗಸ್ಟೀನರ ನಿದರ್ಶನಕ್ಕೆ ಇದು ಬೆಂಬಲವೀಯುತ್ತದೆ.

ಧರ್ಮಸಭೆಯ ನಿಲುವು

ಇಷ್ಟೆಲ್ಲ ಚರ್ಚೆಯ ಬಳಿಕ ಧರ್ಮಸಭೆಯು ಏನನ್ನು ನಿರ್ಣಯಿಸಿದೆ? ದೇವಪುತ್ರರು ಸೃಷ್ಟಿಯಲ್ಲ, ಪಿತನಿಗೆ ಸರಿಸಮಾನರು ಎಂಬುದನ್ನು ನಿಸ್ಸಂದಿಗ್ಧವಾಗಿ ನಿರ್ಣಯಿಸಿದೆ. ಅವರು ದೂತರೆಲ್ಲರಿಗಿಂತ ಮೇಲಾದವರೆಂದು ಹಿಬ್ರಿಯರಿಗೆ ಬರೆದ ಪತ್ರದ ಮೊದಲ ಅಧ್ಯಾಯವೇ ಬೋಧಿಸುತ್ತದೆ. ಆದುದರಿಂದ ಯೇಸುವು ಪ್ರಧಾನದೂತ ಮಿಕಾಯೇಲನೇ ಎಂದು ಇಂದು ಮನೆಬಾಗಿಲಿಗೆ ಬಂದು ಬೋಧಿಸುವ ಪಂಗಡದವರ ಮಾತಿಗೆ ನಾವು ಕಿವಿಗೊಡಬೇಕಾಗಿಲ್ಲ. ಆದರೆ ಹಾಗರಳಿಗೆ ಕಾಣಿಸಿದ ದೂತನು ಯಾರೆಂಬುದನ್ನು ಯಾವ ಸಾರ್ವತ್ರಿಕ ಮಹಾಸಭೆಯೂ ಕಟ್ಟುನಿಟ್ಟಾಗಿ ಹೇಳಿಲ್ಲ.

೧೯೯೨ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವನ್ನೇ ನೋಡಬಹುದು. ಅದರ ೩೩೨ನೆಯ ಪರಿಚ್ಛೇದವು ಹಾಗರಳನ್ನೂ ಅವಳ ಮಗುವನ್ನೂ ಕಾಪಾಡಿದ್ದನ್ನೂ, ಅಬ್ರಹಾಮನ ಕೈಯನ್ನು ತಡೆದುದನ್ನೂ ದೇವದೂತರ ಸೇವೆಗಳ ಪಟ್ಟಿಯಲ್ಲಿ ಸೇರಿಸಿದೆ. ೭೦೭ನೆಯ ಪರಿಚ್ಛೇದವಾದರೋ ಹಳೆಯ ಒಡಂಬಡಿಕೆಯ ದೇವದರ್ಶನಗಳಲ್ಲಿ ದೇವರ ದಿವ್ಯವಾಣಿಯು ತನ್ನನ್ನು ಕಾಣಿಸಿಕೊಂಡಿತು, ಕೇಳಿಸಿಕೊಂಡಿತು ಎಂಬುದು ಕ್ರೈಸ್ತ ಪರಂಪರೆಯ ನಿರಂತರ ತಿಳಿವಳಿಕೆಯೆಂದು ಹೇಳುತ್ತದೆ. ಮೊದಲನೆಯದರಲ್ಲಿ ಅಗಸ್ಟೀನರ ದನಿಯಿದೆ, ಎರಡನೆಯದರಲ್ಲಿ ಜಸ್ಟಿನ್ ಮತ್ತು ಇರೇನಿಯಸರ ದನಿಯಿದೆ. ಎರಡಕ್ಕೂ ಒಂದೇ ಗ್ರಂಥದಲ್ಲಿ ಸ್ಥಳ ದೊರೆತಿದೆ.

ಈ ಚರಿತ್ರೆಯ ಪಾಠವೂ ಇದೇ ಎಂದು ತೋರುತ್ತದೆ. ಪ್ರಿಯವಾದ ಒಂದು ವ್ಯಾಖ್ಯಾನವು ವಿಶ್ವಾಸಕ್ಕೆ ತೊಡಕಾದಾಗ ಅಗಸ್ಟೀನರು ಅದನ್ನು ಸಡಿಲಿಸಿ, ವಿಶ್ವಾಸವನ್ನು ಬಿಗಿಯಾಗಿ ಹಿಡಿದುಕೊಂಡರು. ಆದರೆ ಆ ವ್ಯಾಖ್ಯಾನವನ್ನು ಮಾಡಿದ ಹಿರಿಯರನ್ನು ಧರ್ಮಸಭೆಯು ಕೈಬಿಡಲಿಲ್ಲ. ಸಂತ ಜಸ್ಟಿನರ ಸ್ಮರಣೆಯನ್ನು ನಾವು ಪ್ರತಿವರ್ಷ ಜೂನ್ ೧ರಂದು ಆಚರಿಸುತ್ತೇವೆ. ಸಂತ ಹಿಲರಿಯವರನ್ನು ೧೮೫೧ರಲ್ಲಿಯೂ, ಸಂತ ಇರೇನಿಯಸರನ್ನು ೨೦೨೨ರಲ್ಲಿಯೂ ಜಗದ್ಗುರುಗಳು ಧರ್ಮಸಭೆಯ ಪಂಡಿತರೆಂದು ಘೋಷಿಸಿದ್ದಾರೆ. ಶತಮಾನವನ್ನು ದಾಟುವ ಒಂದು ಧರ್ಮಕೇಂದ್ರದ ಭಕ್ತಾದಿಗಳೂ ತಮ್ಮ ಹಿರಿಯರ ವಿಷಯದಲ್ಲಿ ಇದೇ ವಿವೇಕವನ್ನು ತೋರುವುದು ಉಚಿತ.

ದಿನಕ್ಕೆ ಮೂರು ಬಾರಿ ಗಂಟೆ ಮೊಳಗಿದಾಗ ನಾವು ಹೇಳುವ ತ್ರಿಕಾಲ ಪ್ರಾರ್ಥನೆಯು ದೇವದೂತನ ಸ್ಮರಣೆಯಿಂದಲೇ ಆರಂಭವಾಗುತ್ತದೆ. ಅಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ: ಆ ದೂತನ ಹೆಸರು ಗಬ್ರಿಯೇಲ್ ಎಂದು ಸಂತ ಲೂಕರು ಬರೆದಿದ್ದಾರೆ. ಅವನು ತಂದ ಸಂದೇಶಕ್ಕೆ ಮರಿಯಮ್ಮನವರು ಒಪ್ಪಿಗೆಯಿತ್ತಾಗ ದಿವ್ಯವಾಣಿಯು ಮನುಷ್ಯರಾಗಿ ನಮ್ಮ ನಡುವೆ ವಾಸಿಸಿದರು. ಹಾಗರಳನ್ನು ನೋಡಿದ ದೇವರು, ನಾವೂ ಅವರನ್ನು ನೋಡುವಂತೆ ಮಾನವ ಮುಖವನ್ನು ಧರಿಸಿದರು. ಆ ಕರುಣಾಳು ದೇವರ ದೃಷ್ಟಿಯು ನಮ್ಮ ಧರ್ಮಕೇಂದ್ರದ ಮೇಲೆ ಮುಂದಿನ ನೂರು ವರ್ಷಗಳೂ ನೆಲೆಸಿರಲಿ.